ಮೂರನೆಯ ಮೆಟ್ಟಿಲಿನ ಸೀಟಿ

೧

ಮಾಂತುವಿನ ತಲೆ ಬಾಗಿಲ ಚೌಕಟ್ಟಿಗೆ ಧಡ್ ಎಂದು ಬಡಿಯಿತು.

ಕಥೆ ಹೀಗೆ ಶುರುವಾದರೆ ನಿಮಗೆ ಇಷ್ಟವಾದೀತೇ? ನನಗಂತೂ ಬರೆದ ಕೂಡಲೇ ಪಾಪ ಅನ್ನಿಸಿತು. ಆರಡಿ ಐದಂಗುಲದ ಮನುಷ್ಯ, ಮೂವತ್ತೆಂಟು ವರ್ಷ, ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ. ಅಂಥವನಿಗೆ ಮೊದಲ ಸಾಲಿನಲ್ಲೇ ಪೆಟ್ಟು ಕೊಡುವುದೇ? ಸಾಲನ್ನು ಅಳಿಸಿದೆ.

೧ (ಇನ್ನೊಮ್ಮೆ)

ಪುಣೆಯ ಶಿವಾಜಿನಗರದಲ್ಲಿ ಮಾಂತು ಎಂಬ ಬಾಸ್ಕೆಟ್‌ಬಾಲ್ ಆಟಗಾರನಿದ್ದ.

ರಾಜಕುಮಾರನ ಕಥೆಯ ಹಾಗೆ ಕೇಳಿಸುತ್ತದೆ. ಇರಲಿ. ಈ ಸಾಲಿನಲ್ಲಿ ಬಾಗಿಲಿಲ್ಲ, ತಲೆಗೆ ಅಪಾಯವಿಲ್ಲ.

"ಮೌಶಿ," ಎಂದ ಮಾಂತು, ಹಣೆ ಉಜ್ಜಿಕೊಳ್ಳುತ್ತ. (ಚಿಕ್ಕಮ್ಮ ಎಂದು, ನನ್ನನ್ನೇ.) "ಸಾಲೇನೋ ಅಳಿಸಿದ್ರಿ. ಬುಗುಟಿ ಹಂಗ ಅದಲ್ರಿ?"

ನೋಡಿದೆ. ನಿಂಬೆಹಣ್ಣಿನಷ್ಟು ಊದಿತ್ತು. ಕಥೆಯಲ್ಲಿ ಅಳಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ನಾನು ಓದಿದ್ದು ಬಿ.ಎಸ್ಸಿ. ಬಾಸ್ಕೆಟ್‌ಬಾಲ್ ಬಗ್ಗೆ ಗೊತ್ತಿರುವುದೂ ಎರಡೇ ಸಂಗತಿ. ಒಂದು, ಅಲ್ಲಿನ ಬುಟ್ಟಿಗೆ ತಳವಿಲ್ಲ. ಇನ್ನೊಂದು, ಚೆಂಡನ್ನು ನೆಲಕ್ಕೆ ಪುಟಿಸದೆ ಕೈಯಲ್ಲಿ ಹಿಡಿದುಕೊಂಡು ಎರಡು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಎರಡು ಹೆಜ್ಜೆ ಇಟ್ಟವನು ಚೆಂಡನ್ನು ಮೇಲಕ್ಕೆ ಎಸೆಯಬೇಕು. ಮೂರನೆಯದನ್ನು ಇಟ್ಟರೆ ಸೀಟಿ.

ಈ ಎರಡನೆಯದನ್ನು ಹೇಳಿಕೊಟ್ಟವರು ಕೆಂಪಯ್ಯ. ಮಂಡ್ಯದ ಕಡೆಯವರು, ನಿವೃತ್ತ ರೆಫ್ರಿ. ಮಾಂತುವಿನ ಕಟ್ಟಡದ ತಳಮಹಡಿಯಲ್ಲಿ ನಾನೇ ಅವರಿಗೊಂದು ಮನೆ ಮಾಡಿಕೊಟ್ಟಿದ್ದೇನೆ. ಹಾಲು ತರಲು ಹೋಗುವಾಗಲೂ ಕೊರಳಲ್ಲಿ ಸೀಟಿ. ಒಮ್ಮೆ ಜಿಲ್ಲಾ ಕೋರ್ಟಿನ ಎದುರು ಅಜ್ಜಿಯೊಬ್ಬಳು ರಸ್ತೆ ದಾಟಲಾಗದೆ ನಿಂತಿದ್ದಾಗ ಊದಿದರು. ಎರಡು ಸಿಟಿ ಬಸ್ಸು, ಮೂವತ್ತು ಸ್ಕೂಟರು, ಕೊನೆಗೆ ಟ್ರಾಫಿಕ್ ಪೊಲೀಸನೂ ನಿಂತುಬಿಟ್ಟ.

ಈ ಸೀಟಿಯನ್ನು ನೆನಪಿಟ್ಟುಕೊಳ್ಳಿ. (ಹೀಗೆ ಹೇಳಬಾರದಂತೆ, ವಸ್ತುವನ್ನು ಮೂಲೆಯಲ್ಲಿಟ್ಟು ಸುಮ್ಮನೆ ಮುಂದೆ ಹೋಗಬೇಕಂತೆ. ಆದರೆ ಮರೆವು ನಿಮಗಿಲ್ಲದಿದ್ದರೂ ನನಗಿದೆ.)

೨

ಮಾಂತುವಿನ ಒಳ್ಳೆಯ ದಿನಗಳ ಬಗ್ಗೆ ಮೂರು ಪುಟ ಬರೆದಿದ್ದೆ. ಚೆಂಡು ಹೋಯಿತು, ಬಂತು, ಬಿತ್ತು, ಜನ ಕೂಗಿದರು. ಓದಿ ನೋಡಿದರೆ ಯಾರೋ ತೆಂಗಿನಕಾಯಿ ಕೀಳಿಸುತ್ತಿದ್ದ ಹಾಗಿತ್ತು. ಹರಿದು ಹಾಕಿದೆ. ಉಳಿದದ್ದು ಇಷ್ಟು.

ಗದಗದ ಕಡೆಯಿಂದ ಬಂದು ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆಯ ಹುಡುಗ. ಅಂಗಡಿಯಲ್ಲಿ ಏಣಿಯ ಬದಲು ಅವನೇ ಇದ್ದ. ಆಮೇಲೆ ಆಟ ಹತ್ತಿತು. ಆಟಕ್ಕಾಗಿಯೇ ತಳೇಗಾಂವದ ಒಂದು ಕಾರ್ಖಾನೆ ಕೆಲಸ ಕೊಟ್ಟಿತು. ಹತ್ತೊಂಬತ್ತಕ್ಕೆ ವಿದೇಶಕ್ಕೆ ಹೋಗುವ ತಂಡದಲ್ಲಿ ಹೆಸರು ಬಂತು, ಪಾಸ್‌ಪೋರ್ಟ್ ಮಾಡಿಸಿದ. ಹೊರಡುವ ವಾರ ಬಲಮೊಣಕಾಲು ಹೋಯಿತು. ಇಪ್ಪತ್ತೊಂಬತ್ತಕ್ಕೆ ಮತ್ತೆ ಹೆಸರು, ಮತ್ತೊಂದು ಪಾಸ್‌ಪೋರ್ಟ್. ಈ ಸಲ ಎಡಮೊಣಕಾಲು. ಮೊದಲ ಪಾಸ್‌ಪೋರ್ಟ್ ಒಂದು ಮುದ್ರೆಯೂ ಬೀಳದೆ ಮುಗಿದುಹೋಯಿತು. ಎರಡನೆಯದಕ್ಕೆ ಇನ್ನು ಹನ್ನೊಂದು ತಿಂಗಳಿದೆ. ಅದರ ಪುಟಗಳು ಈಗಲೂ ಅಂಟಿಕೊಂಡೇ ಇವೆ, ಕೊಂಡು ತಂದು ಓದದ ಪುಸ್ತಕದ ಹಾಗೆ.

ಈಗ ಅವನಿಗೆ ಹೊರದೇಶದ ಕ್ಲಬ್ಬೊಂದರಿಂದ ಮೇಲ್ ಬಂದಿದೆ. ನಾಲ್ಕು ತಿಂಗಳು ಬಂದು ಆಡಿ ಎಂದು. ಮೊದಲು ಅದನ್ನು ಮಂಗೋಲಿಯಾದಲ್ಲಿ ಇಟ್ಟಿದ್ದೆ.

"ಥಂಡಿ ದೇಶ ಬ್ಯಾಡ್ರಿ ಮೌಶಿ, ಕಾಲು ಹಿಡೀತಾವ," ಎಂದ.

ಹೌದಲ್ಲ! ಮಂಗೋಲಿಯಾ ತೆಗೆದು ಬಿಸಿಲಿನ ಒಂದು ಸಣ್ಣ ದ್ವೀಪ ಹಾಕಿದೆ. ಹೆಸರಿಟ್ಟಿಲ್ಲ. ನೀವು ನಕಾಶೆಯಲ್ಲಿ ಹುಡುಕಿ ಕಣ್ಣು ನೋಯಿಸಿಕೊಳ್ಳಬಾರದು.

ಕ್ಲಬ್ಬಿನವರು ನೋಡಿದ್ದು ಹನ್ನೆರಡು ವರ್ಷ ಹಿಂದಿನ ವಿಡಿಯೋ. ಅದರಲ್ಲಿ ಮಾಂತುವಿಗೆ ಒಂದು ಒಳ್ಳೆಯ ಮೊಣಕಾಲೂ ಇತ್ತು, ಕೂದಲೂ ಇತ್ತು. ಸುಮ್ಮನಿರು ಎಂದೆ. ಅವನು ಕೇಳಲಿಲ್ಲ. ವಯಸ್ಸು, ಎರಡು ಆಪರೇಷನ್, ಬೋಳುತಲೆ ಎಲ್ಲವನ್ನೂ ಬರೆದು ಕಳಿಸಿಬಿಟ್ಟ. ಮರುದಿನವೇ ಉತ್ತರ ಬಂತು: "ಚಿಂತೆಯಿಲ್ಲ. ನಮ್ಮ ತಂಡದ ಅತಿ ಎತ್ತರದ ಆಟಗಾರನಿಗೆ ನಲವತ್ತನಾಲ್ಕು. ತಂಡದ ದೋಣಿ ನಡೆಸುವವನೂ ಅವನೇ. ಸೋಮವಾರದೊಳಗೆ ತಿಳಿಸಿ."

ಮಾಂತು ಆ ಮೇಲನ್ನು ಹದಿನೇಳು ಸಲ ಓದಿದ. (ನಾನು ಎಣಿಸಲಿಲ್ಲ, ಅವನ ಹೆಂಡತಿ ಎಣಿಸಿದಳು.)

೪

ಮೂರು ಎಲ್ಲಿ ಎಂದಿರಾ? ಬಿಟ್ಟಿದ್ದೇನೆ. ಕೆಂಪಯ್ಯನವರು ಮೂರು ಕಂಡರೆ ಊದುತ್ತಾರೆ.

ಹೆಂಡತಿ ಶೈಲಶ್ರೀ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕರಾರುಪತ್ರ ಟೈಪ್ ಮಾಡುತ್ತಾಳೆ. ಹಾಗಾಗಿ ಮನೆಯಲ್ಲೂ ಷರತ್ತುಗಳ ಭಾಷೆ.

"ಷರತ್ತು ಒಂದs," ಎಂದಳು. "ಜೇಜುರಿಗೆ ಹೋಗೂದು. ಬಾಕಿ ಇರೋ ಐದು ಮೆಟ್ಟಲಾ ಏರೂದು. ಆಮ್ಯಾಲ ಎಲ್ಲೆ ಬೇಕಾದ್ರೂ ಹೋಗ್ರಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜೇಜುರಿಯ ಖಂಡೋಬನೇ ಇವರ ಮನೆದೇವರು ಮೈಲಾರಲಿಂಗ. ಹೊಸದಾಗಿ ಮದುವೆಯಾದ ಗಂಡ ಅಲ್ಲಿ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲಾದರೂ ಏರಬೇಕು. ನಡುವೆ ಕೆಳಗಿಳಿಸಿದರೆ ಮತ್ತೆ ಮೊದಲಿನಿಂದ. ಹನ್ನೊಂದು ವರ್ಷದ ಹಿಂದೆ ಮಾಂತುವಿಗೆ ಮದುವೆಯ ಮರುವಾರವೇ ಪಂದ್ಯವಿತ್ತು. ಭಾರ ಎತ್ತಬಾರದು ಎಂದು ಕೋಚ್ ಹೇಳಿದ್ದರು. ಶೈಲಶ್ರೀ ಸೀರೆ ಎತ್ತಿ ಹಿಡಿದು ತಾನೇ ಹತ್ತಿದಳು. ಅತ್ತೆ ಶಿವಬಸವ್ವ ಅದನ್ನು ಮರೆತಿಲ್ಲ. ಮಗನ ಕಾಲು ಎಡವಿದರೂ, ಮನೆಯ ಮಿಕ್ಸರ್ ಕೆಟ್ಟರೂ, "ಐದು ಮೆಟ್ಟಲಾ ಬಾಕಿ ಅವಲೇ ಮಾಂತೂ, ಇನ್ನೇನಾಗ್ತದ!" ಎನ್ನುತ್ತಾಳೆ.

"ಈಗ್ಯಾಕ ಅದು?" ಎಂದ ಮಾಂತು. "ಡಾಕ್ಟರ್ರು ಮೆಟ್ಟಲಾನs ಬ್ಯಾಡ ಅಂದಾರ."

"ಮೆಟ್ಟಲಾ ಬ್ಯಾಡ, ಜಿಗಿಯೂದು ನಡೀತದ?" ಶೈಲಶ್ರೀ ಚಪಾತಿ ಹಿಟ್ಟನ್ನು ಗುದ್ದಿದಳು. "ಐದು ಮೆಟ್ಟಲಾ ನಿಮ್ಮ ಕಾಲು ತಡದ್ರ ಖುಷಿಲೇ ಹೋಗ್ರಿ. ತಡೀಲಿಲ್ಲಂದ್ರ ಇಲ್ಲೇ ನನ್ನ ಮುಂದ ಮುರೀಲಿ. ಅಲ್ಲೆ ಗುರ್ತಿಲ್ಲದವರ ನಡುವ, ಪಟ್ಟಿ ಕಟ್ಟಾಕ ಯಾರಿಲ್ಲದಲ್ಲೆ ಬ್ಯಾಡ."

ತಮಾಷೆಯ ಕಥೆ ಬರೆಯುತ್ತೇನೆಂದು ಕೂತವಳು ನಾನು.

ಅಡ್ಡ ಟಿಪ್ಪಣಿ (ಇದಕ್ಕೆ ಸಂಖ್ಯೆ ಕೊಡಲಾರೆ, ನಾಚಿಕೆ)

ಸಹಾಯ ಮಾಡೋಣವೆಂದು ಶೈಲಶ್ರೀಯ ತೂಕ ಕಡಿಮೆ ಮಾಡಿದೆ. ಎಪ್ಪತ್ತೊಂದು ಎಂದಿದ್ದನ್ನು ನಲವತ್ತೆಂಟು ಕಿಲೋ ಎಂದು ತಿದ್ದಿದೆ. ಅವನ ಮೊಣಕಾಲಿಗೂ ಹಗುರ, ಕಥೆಗೂ ಹಗುರ.

"ಹಂಗ ಮೋಸಾ ಮಾಡಬ್ಯಾಡ್ರಿ ಮೌಶಿ," ಎಂದಳು ಶೈಲಶ್ರೀ. "ನನ್ನ ಬ್ಲೌಸ್ ಎಲ್ಲಾ ಸಡ್ಲ ಆಗ್ಯಾವ. ಇದ್ದಷ್ಟs ಬರೀರಿ."

ಎಪ್ಪತ್ತೊಂದು ಎಂದು ಮತ್ತೆ ಬರೆದೆ.

"ಎಪ್ಪತ್ತೊಂದಾ? ಅರವತ್ತೆಂಟು!"

(ಅರವತ್ತೊಂಬತ್ತೂವರೆಗೆ ಒಪ್ಪಂದವಾಯಿತು.)

೫

ಭಾನುವಾರ ಬೆಳಿಗ್ಗೆ ನಾಲ್ವರೂ ಜೇಜುರಿಯ ಬಸ್ಸು ಹತ್ತಿದರು: ಮಾಂತು, ಶೈಲಶ್ರೀ, ಶಿವಬಸವ್ವ, ಕೆಂಪಯ್ಯ. ಕೆಂಪಯ್ಯನವರನ್ನು ಯಾರೂ ಕರೆದಿರಲಿಲ್ಲ. "ಮೆಟ್ಟಿಲು ಎಣಿಸೋಕೆ ಒಬ್ರು ನ್ಯೂಟ್ರಲ್ ಆಗಿರ್ಬೇಕು ಸಾರ್," ಎಂದು ತಾವೇ ಬಂದರು.

ಮಾಂತುವಿನ ಕಾಲು ಬಸ್ಸಿನ ಯಾವ ಸೀಟಿನಲ್ಲೂ ಹಿಡಿಸುವುದಿಲ್ಲ. ಕಂಡಕ್ಟರ್ ಒಮ್ಮೆ ನೋಡಿದ, ತನ್ನ ಸೀಟಿನಿಂದ ಎದ್ದು ಇವನನ್ನು ಕೂರಿಸಿದ. ಊರು ಬರುವ ತನಕ ನಿಂತೇ ಟಿಕೆಟ್ ಹರಿದ. ಪಕ್ಕದ ಮುದುಕಿ ಮೆಂತ್ಯದ ಸೊಪ್ಪಿನ ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು, ಕಾಲು ಚಾಚು ಎಂದು ಕೈಸನ್ನೆ ಮಾಡಿದಳು. (ಇವೆರಡೂ ಕಥೆಗೆ ಬೇಕಿಲ್ಲ. ತೆಗೆಯಲು ಮನಸ್ಸಿಲ್ಲ.)

ಗುಡಿಯ ಗುಡ್ಡದ ಬುಡದಲ್ಲಿ ಹೊಸ ಜೋಡಿಗಳ ಸಾಲು. ಗಂಡುಗಳಿಗೆಲ್ಲ ಇಪ್ಪತ್ತೈದು ಇಪ್ಪತ್ತಾರು. ಹೆಣ್ಣುಗಳನ್ನು ಎತ್ತಿಕೊಂಡು ಸರಸರನೆ ಹತ್ತುತ್ತಿದ್ದರು. ಗಾಳಿಯೆಲ್ಲ ದೇವರಿಗೆ ಎರಚುವ ಭಂಡಾರ, ಮೆಟ್ಟಿಲೆಲ್ಲ ಅದರ ಅರಿಸಿನ. "ಯೇಳಕೋಟ ಯೇಳಕೋಟ!" ಎಂದು ಮರಾಠಿಯವರು, "ಏಳುಕೋಟಿ ಏಳುಕೋಟಿಗೋ!" ಎಂದು ನಮ್ಮವರು.

ಮಾಂತು ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡ. ಶೈಲಶ್ರೀ ಅದನ್ನು ಬಿಚ್ಚಿ ತಾನೇ ಸರಿಯಾಗಿ ಕಟ್ಟಿದಳು. ಅವನು ಬಗ್ಗಿ ಅವಳನ್ನು ಎತ್ತಿದ. ಎತ್ತರ ಎಷ್ಟಿತ್ತೆಂದರೆ ಅವಳು "ಅಯ್ಯs, ಶಿಖರಾ ಕಾಣ್ತದ!" ಎಂದಳು.

ಒಂದು.

ಮೊಣಕಾಲು ಕಟಕ್ ಎಂದಿತು. ಅದು ದಿನವೂ ಅನ್ನುತ್ತದೆ.

ಎರಡು.

ಓದುಗರೇ, ಇಪ್ಪತ್ತು ವರ್ಷ ಆಡಿದ ಮೈ ಅದು. ಕೈಯಲ್ಲಿ ಅಮೂಲ್ಯವಾದ ಏನನ್ನಾದರೂ ಹಿಡಿದು ಎರಡು ಹೆಜ್ಜೆ ಇಟ್ಟರೆ ಮುಂದೇನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಮಾಂತುವಿನ ಎರಡೂ ತೋಳು ತಾವಾಗಿ ಮೇಲೆದ್ದವು. ಶೈಲಶ್ರೀ ಅವನ ಎದೆಯಿಂದ ಹೆಗಲಿಗೆ, ಹೆಗಲಿನಿಂದ ತಲೆಯ ಸಮಕ್ಕೆ ಏರಿದಳು. ಎಲ್ಲಿಗೆ ಎಸೆಯುವುದೆಂದು ಅವನ ಕಣ್ಣು ಬುಟ್ಟಿ ಹುಡುಕುತ್ತಿತ್ತು.

"ರೀ! ನಾನ್ರೀ!" ಎಂದು ಕಿರುಚಿದಳು ಅವಳು.

ಅವನು ಬೆಚ್ಚಿ ಅವಳನ್ನು ಎದೆಗೆ ಇಳಿಸಿಕೊಂಡು ಮೂರನೆಯ ಮೆಟ್ಟಿಲಿಗೆ ಕಾಲೆತ್ತಿದ. ಕಾಲು ಇನ್ನೂ ಊರಿರಲಿಲ್ಲ,

ಪೀಂ—!

ಊದಿದವರು ಯಾರೆಂದು ಹೇಳಬೇಕಿಲ್ಲ. ಕೆಂಪಯ್ಯ ಎರಡೂ ಮುಷ್ಟಿಗಳನ್ನು ಎದೆಯ ಮುಂದೆ ಗಿರಗಿರ ತಿರುಗಿಸಿ ತೀರ್ಪು ಕೊಟ್ಟುಬಿಟ್ಟಿದ್ದರು. ಗುಡ್ಡವೆಲ್ಲ ನಿಂತಿತು. ಭಂಡಾರ ಎರಚುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು. ಮೇಲಿನ ಮೆಟ್ಟಿಲಲ್ಲಿದ್ದ ಮದುಮಗನೊಬ್ಬ ಗಾಬರಿಯಿಂದ ತನ್ನ ಹೆಂಡತಿಯನ್ನು ಕೆಳಗಿಳಿಸಿ "ಆಮ್ಚಂ ಕಾಯ ಚುಕಲಂ?" ಎಂದು ಕೇಳಿದ, ನಮ್ಮದೇನು ತಪ್ಪು ಎಂದು.

"ಅಭ್ಯಾಸ ಬಲ ಕಣಮ್ಮ," ಎಂದರು ಕೆಂಪಯ್ಯ ಕೆಂಪಾಗಿ. "ಮೂರನೇ ಹೆಜ್ಜೆ ಕಂಡ್ರೆ ಕೈ ನಿಲ್ಲಲ್ಲ."

"ನಿಮ್ಮ ಸೀಟಿ ಬಾಯಾಗ ಭಂಡಾರಾ ತುಂಬ!" ಎಂದಳು ಶಿವಬಸವ್ವ. "ಈಗ ಇದು ಎಣಿಕಿಗೆ ಬಂತೋ ಇಲ್ಲೋ?"

"ರೂಲ್ ಪ್ರಕಾರ ಈಗ ಚೆಂಡು ಎದುರು ಟೀಮಿಗೆ."

"ಎದುರು ಟೀಮ್ ಯಾವ್ದು?"

ಎಲ್ಲರೂ ಶೈಲಶ್ರೀಯ ಕಡೆ ನೋಡಿದರು.

೬, ಅಥವಾ ಅಂತ್ಯಗಳು

ಅಂತ್ಯ ಅ: ಮಾಂತು ಉಳಿದ ಮೂರು ಮೆಟ್ಟಿಲು ಏರುತ್ತಾನೆ. ದ್ವೀಪಕ್ಕೆ ಹೋಗುತ್ತಾನೆ. ಕೊನೆಯ ಪಂದ್ಯದ ಕೊನೆಯ ಸೆಕೆಂಡಿನಲ್ಲಿ... ಬೇಡ. ಇದನ್ನು ನೀವೇ ನೂರು ಸಲ ನೋಡಿದ್ದೀರಿ.

ಅಂತ್ಯ ಆ: ನಾಲ್ಕನೆಯ ಮೆಟ್ಟಿಲಲ್ಲಿ ಮೊಣಕಾಲು ಹೋಗುತ್ತದೆ. ಈ ಸಾಲನ್ನು ಬರೆದೂ ಇಲ್ಲ, ಅಳಿಸಿಯೂ ಇಲ್ಲ. ಬುಗುಟಿಯ ಅನುಭವ ಆಗಿದೆ. ಇದನ್ನು ನೀವು ಓದಿಲ್ಲವೆಂದೇ ತಿಳಿಯಿರಿ, ದಯವಿಟ್ಟು.

ಅಂತ್ಯ ಇ: ಕೆಂಪಯ್ಯನವರ ತೀರ್ಪಿನಂತೆ ಶೈಲಶ್ರೀ ಮಾಂತುವನ್ನು ಎತ್ತಿಕೊಂಡು ಏರುತ್ತಾಳೆ. ನನಗೆ ಇದು ಭಾರೀ ಇಷ್ಟ. ಶೈಲಶ್ರೀಗೂ ಇಷ್ಟ. ಮಾಂತು ಒಪ್ಪಲಿಲ್ಲ: "ಮೌಶಿ, ನನ್ನ ಕಾಲು ನೆಲಕ್ಕ ಎಳೀತಾವ್ರಿ."

೭

ನಾನು ಅಂತ್ಯ ಹುಡುಕುತ್ತಿದ್ದಾಗ ಅವರನ್ನು ಮೆಟ್ಟಿಲಲ್ಲೇ ಬಿಟ್ಟು ಬಂದಿದ್ದೆ. ಹಿಂದಿರುಗಿ ನೋಡಿದರೆ ಹಾಗೇ ನಿಂತಿದ್ದಾರೆ, ಎರಡನೆಯ ಮೆಟ್ಟಿಲಲ್ಲಿ. ಅವಳ ಕೈ ಅವನ ಕೊರಳಲ್ಲಿ. ಸಣ್ಣ ದನಿಯ ಮಾತು.

"ಕಾಲು?"

"ಏನೂ ಆಗಿಲ್ಲ."

"ಖರೇ ಹೇಳ್ರಿ."

"ಖರೇ. ನನಗs ಆಶ್ಚರ್ಯ ಆಗ್ಯದ. ಇನ್ನ ಹತ್ತು ಏರಬಹುದು."

ಅವಳು ಅವನ ಬೋಳುತಲೆಯ ಮೇಲೆ ಬಿದ್ದಿದ್ದ ಅರಿಸಿನವನ್ನು ಸೆರಗಿನಿಂದ ಒರೆಸಿದಳು. ಹಣೆಯ ಬುಗುಟಿಯ ಹತ್ತಿರ ಬಂದಾಗ ಕೈ ನಿಧಾನವಾಯಿತು.

"ಐದು ಆದ್ರ ಹೋಗ್ತೀರಿ."

"ಷರತ್ತು ನಿಂದs."

"ನಂದs," ಎಂದಳು. "ಹೋಗ್ರಿ. ಬ್ಯಾಡ ಅನ್ನೂದಿಲ್ಲ. ಆದ್ರ ಇನ್ನೊಂದು ಚೂರು ಹಿಂಗ ನಿಂದರ್ರಿ."

ಅವನು ನಿಂತ. ಅರವತ್ತೊಂಬತ್ತೂವರೆ ಕಿಲೋ.

ನಾನು ಇಲ್ಲಿಂದ ಮುಂದೆ ಬರೆಯುವುದಿಲ್ಲ. ಬರೆಯಲು ಬರದೆ ಅಲ್ಲ. ಮೂರನೆಯ ಮೆಟ್ಟಿಲನ್ನು ಬರೆದರೆ ಐದನೆಯದು ಬರುತ್ತದೆ, ಐದನೆಯದು ಬಂದರೆ ಸೋಮವಾರ ಬರುತ್ತದೆ. ನಿಮಗೆ ಅವಸರವಿರಬಹುದು. ಅವರ ಹಿಂದೆ ನಿಂತವರಿಗೂ ಇರಬೇಕಿತ್ತು. ಮಧ್ಯಾಹ್ನದ ಬಿಸಿಲು ಏರುತ್ತಿದೆ, ಸಾಲು ಬೀದಿಯವರೆಗೆ ಬೆಳೆದಿದೆ. ಆದರೆ ನೋಡಿ, ಸರಿಯಿರಿ ಎಂದು ಯಾರೂ ಅನ್ನುತ್ತಿಲ್ಲ. ಮದುಮಗಂದಿರು ಹೆಂಡಿರನ್ನು ಇಳಿಸಿ ಮೆಟ್ಟಿಲ ಮೇಲೆ ಕೂತಿದ್ದಾರೆ. ರಾಣೆಬೆನ್ನೂರಿನ ಕಡೆಯ ಯಾತ್ರಿಕರೊಬ್ಬರು ಚುರುಮುರಿಯ ಗಂಟು ಬಿಚ್ಚಿ ಅಕ್ಕಪಕ್ಕದವರಿಗೆ ಹಂಚುತ್ತಿದ್ದಾರೆ. "ನಿಂದರ್ಲಿ ಬಿಡ್ರಿ, ದೇವರೆಲ್ಲೆ ಓಡಿ ಹೊಂಟಾನು?" ಎಂದು ನಿಮಗೂ ಒಂದು ಹಿಡಿ ನೀಡುತ್ತಿದ್ದಾರೆ. ತೊಗೊಳ್ಳಿ. ಕೂತುಕೊಳ್ಳಿ.

ಕೆಂಪಯ್ಯ ಸೀಟಿಯನ್ನು ಬಾಯಿಯ ಹತ್ತಿರ ಹಿಡಿದು ನನ್ನ ಕಡೆ ನೋಡುತ್ತಿದ್ದಾರೆ. ನಿಂತ ಆಟವನ್ನು ಮತ್ತೆ ಶುರು ಮಾಡುವುದಕ್ಕೂ ಅವರೇ ಊದಬೇಕಂತೆ.

"ಊದ್ಲಾ ಮೇಡಂ?"

ತಡೀರಿ ಕೆಂಪಯ್ಯನವರೇ.