ಆಳುದ್ದದ ಗುಣಿ

ಜಪಾನಿಗೆ ಹೋಗಿ ಬಂದವನು ಎಂದು ಮೊಳಕಾಲ್ಮುರಿನಲ್ಲಿ ನನಗೆ ಈಗಲೂ ಒಂದು ಮರ್ಯಾದೆ ಇದೆ. ಪೇಟೆಯಲ್ಲಿ ಸಿಕ್ಕವರು, "ನಾಗೇಂದ್ರಪ್ಪನೋರೆ, ಅಲ್ಲಿಯ ಮಾತು ಎರಡು ಆಡಿ ತೋರಿಸ್ರಿ" ಎನ್ನುತ್ತಾರೆ. ಮರೆತುಹೋಗಿದೆ ಎನ್ನುತ್ತೇನೆ. ಅದು ಸುಳ್ಳು. ಉಳಿದದ್ದೆಲ್ಲ ಹೋದರೂ ಒಂದು ಮಾತು ಮಾತ್ರ ಸಾಯುವ ತನಕ ನನ್ನ ನಾಲಿಗೆ ಬಿಟ್ಟು ಹೋಗುವುದಿಲ್ಲ.

ಸಾವಿರದ ಒಂಬೈನೂರ ಒಂಬತ್ತರಲ್ಲಿ ಬೆಂಗಳೂರಿನ ಒಂದು ಸಂಘದವರು ಎಂಟು ಜನ ವಿದ್ಯಾರ್ಥಿಗಳನ್ನು ಆರಿಸಿ ಜಪಾನಿಗೆ ಕಳಿಸಿದರು. ಹತ್ತು ತಿಂಗಳು ಅಲ್ಲಿದ್ದು, ಭಾಷೆ ಕಲಿತು, ಜನರ ರೀತಿನೀತಿ ತಿಳಿದು ಬರಬೇಕು ಎಂಬುದು ಏರ್ಪಾಡು. ನಮ್ಮದು ರೇಷ್ಮೆ ನೂಲಿನ ವ್ಯಾಪಾರದ ಮನೆ, ಹಾಗಾಗಿ ನನ್ನನ್ನು ಆರಿಸಿದರು. ನಮ್ಮ ಕಡೆಯಿಂದಲೇ ಇನ್ನೊಬ್ಬನೂ ಇದ್ದ. ಅವನು ಚಿಕ್ಕೀರಪ್ಪ, ಸಿದ್ದಾಪುರದ ಹತ್ತಿರದ ಹಟ್ಟಿಯ ಕುರಿ ಕಾಯುವ ಮನೆಯವನು. ಚಳ್ಳಕೆರೆಯ ಸ್ಕೂಲಿನಲ್ಲಿ ಲೆಕ್ಕದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ತಂದೆ ಇರಲಿಲ್ಲ. ತಾಯಿ ಕರಿಯಕ್ಕನಿಗೆ ಅವನೊಬ್ಬನೇ ಮಗ.

ಕರಿಯಕ್ಕ ಸುಲಭಕ್ಕೆ ಒಪ್ಪಲಿಲ್ಲ. ಸಮುದ್ರ ಅಂದರೆ ಎಷ್ಟು ದೊಡ್ಡ ಕೆರೆ ಎಂದು ಕೇಳಿದಳು. ನಾನೇ ಹಟ್ಟಿಗೆ ಹೋಗಿ ಕೂತು, "ನಾನಿರ್ತೀನಲ್ಲವ್ವ, ಯಾಕೆ ಹೆದರ್ತೀಯ?" ಎಂದು ಎದೆ ತಟ್ಟಿ ಹೇಳಿದೆ. ಆಗ ನನಗೆ ಇಪ್ಪತ್ತು ವರ್ಷ. ಎದೆ ತಟ್ಟಿಕೊಳ್ಳುವುದಕ್ಕೆ ಏನು ಖರ್ಚು? ಅವಳು ನನ್ನ ಮುಖ ನೋಡಿ, ಮಗನಿಗೆ ಹೋಗು ಎಂದಳು.

ಕೋಬೆ ಎಂಬ ಊರಿನಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ. ಭಾಷೆ ಚಿಕ್ಕೀರಪ್ಪನಿಗೆ ಹತ್ತಲಿಲ್ಲ. ಕೈಸನ್ನೆಯಲ್ಲೇ ಬೀದಿಯವರನ್ನೆಲ್ಲ ನಗಿಸಿ ಸ್ನೇಹ ಮಾಡಿಕೊಂಡ. ನಾನು ಮಾತ್ರ ಹಟ ಹಿಡಿದು ಕಲಿತೆ. ಎಂಟು ಜನರಲ್ಲಿ ನಾನೇ ಮುಂದೆ ಎಂದು ಗುರುಗಳು ಎಲ್ಲರೆದುರು ಹೇಳಿದ ದಿನ ನನ್ನನ್ನು ಹಿಡಿಯುವವರೇ ಇರಲಿಲ್ಲ. ಅಲ್ಲಿಯವರು ಹೇಗೆ ಬಾಗುತ್ತಾರೆ, ಹೇಗೆ ಉಣ್ಣುತ್ತಾರೆ, ಸತ್ತ ಹಿರಿಯರನ್ನು ವರ್ಷಕ್ಕೊಮ್ಮೆ ಹೇಗೆ ದೀಪ ಹಚ್ಚಿ ಕರೆಯುತ್ತಾರೆ, ಎಲ್ಲವನ್ನೂ ಬರೆದಿಟ್ಟುಕೊಂಡೆ. ಸಾವಿನ ಪದ್ಧತಿಗೇ ನಾಲ್ಕು ಪುಟ ಹಿಡಿದಿತ್ತು. ಪಕ್ಕದ ಚಾಪೆಯ ಮೇಲೆ ಏಳು ತಿಂಗಳು ಮಲಗಿದವನನ್ನು, ನಿಮ್ಮ ಮನೆಯಲ್ಲಿ ಹೇಗೋ ಎಂದು ಒಂದು ದಿನವೂ ಕೇಳಲಿಲ್ಲ.

ಚಳಿಗಾಲ ಬಂತು. ಹಿಮ ಬೀಳುವುದನ್ನು ನೋಡಲು ಚಿಕ್ಕೀರಪ್ಪ ಮಗುವಿನ ಹಾಗೆ ಹೊರಗೆ ಓಡುತ್ತಿದ್ದ. ಮೊದಲು ಕೆಮ್ಮು, ಆಮೇಲೆ ಜ್ವರ, ಹತ್ತೇ ದಿನದಲ್ಲಿ ಎದೆಯೆಲ್ಲ ಕಫ ಕಟ್ಟಿತು. ಉಳಿದವರು ಗುರುಗಳ ಜೊತೆ ಟೋಕಿಯೋಗೆ ಹೊರಟಿದ್ದರು. ನೀನು ಅವನ ಕಡೆಯವನು, ಜೊತೆಗಿರು ಎಂದು ನನ್ನನ್ನು ಬಿಟ್ಟು ಹೋದರು. ಆಸ್ಪತ್ರೆಯಲ್ಲಿ ಅವನು, "ಒಂದು ತುತ್ತು ಮುದ್ದೆ ಸಿಕ್ಕಿದ್ರೆ ಎದ್ದು ಕೂರ್ತಿದ್ದೆ ಕಣಲೇ" ಎಂದು ನಗಲು ನೋಡಿದ. ಮಾರನೆಯ ಬೆಳಿಗ್ಗೆ ತೀರಿಕೊಂಡ.

ಡಾಕ್ಟರು ವಯಸ್ಸಾದವರು, ಬಹಳ ಸಂಭಾವಿತರು. ನನ್ನನ್ನು ಕೂರಿಸಿ, ನನಗೆ ತಿಳಿಯಲಿ ಎಂದು ನಿಧಾನವಾಗಿ ಕೇಳಿದರು: ನಿಮ್ಮ ಗೆಳೆಯನನ್ನು ಸುಡಬೇಕೋ, ಹೂಳಬೇಕೋ? ಪರದೇಶದವರನ್ನು ಹೂಳಲು ಗುಡ್ಡದ ಮೇಲೆ ಜಾಗವಿದೆ, ನಿಮ್ಮ ಪದ್ಧತಿ ಹೇಗೋ ಹಾಗೆ ಮಾಡೋಣ. ಅಷ್ಟು ಉದ್ದದ ಮಾತು ನನಗೆ ಪೂರ್ತಿ ಅರ್ಥವಾಗಿತ್ತು. ಒಂದು ತಪ್ಪೂ ಇಲ್ಲದೆ ಉತ್ತರ ಕೊಟ್ಟೆ. "ಸುಡಬೇಕು, ನಮ್ಮ ದೇಶದಲ್ಲಿ ಎಲ್ಲರನ್ನೂ ಸುಡುತ್ತಾರೆ" ಎಂದೆ. ನಿಮ್ಮ ಮಾತು ಸ್ಪಷ್ಟವಾಗಿದೆ ಎಂದು ಅವರು ಮೆಚ್ಚಿಕೊಂಡರು. ಗೆಳೆಯನ ಹೆಣ ಒಳಗಿತ್ತು, ನನಗೆ ಆ ಮೆಚ್ಚುಗೆಯಿಂದ ಸಂತೋಷವಾಯಿತು. ಇದನ್ನು ಬರೆಯುವಾಗ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ.

ನಮ್ಮ ಮನೆಯಲ್ಲಿ ಸುಡುತ್ತಾರೆ, ಅದು ನಿಜ. ಆದರೆ ನಮ್ಮ ಬೀದಿಯಲ್ಲೇ ಲಿಂಗವಂತರು ಹೆಣವನ್ನು ಕೂರಿಸಿಕೊಂಡು ಹೋಗಿ ಹೂಳುವುದನ್ನು ನೋಡುತ್ತಲೇ ಬೆಳೆದವನು ನಾನು. ಹಟ್ಟಿಗಳ ಪಕ್ಕ ಕಲ್ಲು ನೆಟ್ಟ ಸಮಾಧಿಗಳ ಸಾಲನ್ನು ಗಾಡಿಯಲ್ಲಿ ಕೂತು ಎಷ್ಟು ಸಲ ನೋಡಿಲ್ಲ? ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಆ ಗಳಿಗೆಯಲ್ಲಿ ಅದು ತಲೆಗೇ ಬರಲಿಲ್ಲ, ಅಷ್ಟೇ.

ಕರಿಯಕ್ಕನಿಗೆ ಚಳ್ಳಕೆರೆಯ ಟಪಾಲು ಕಚೇರಿಯ ಮೂಲಕ ಮಗ ತೀರಿಕೊಂಡ ಸುದ್ದಿಯ ಕಾಗದ ಹಾಕಿದೆ. "ನಿಮ್ಮ ಮಗನನ್ನು ನಿಮ್ಮ ಬಳಿಗೆ ಕರೆತರುತ್ತೇನೆ" ಎಂದು ಬರೆದೆ. ಅದನ್ನು ಬರೆದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಒಳ್ಳೆಯ ಮಾತು ಬರೆದೆ ಎಂದೂ ಅನ್ನಿಸಿತ್ತು.

ಬೇಸಗೆಯಲ್ಲಿ ರಾಯದುರ್ಗದಲ್ಲಿ ರೈಲಿಳಿದು, ಗಾಡಿ ಮಾಡಿಕೊಂಡು ನೇರ ಹಟ್ಟಿಗೆ ಹೋದೆ. ಊರಿಗೆ ಇನ್ನೂ ಅಷ್ಟು ದೂರವಿರುವಾಗಲೇ ಸಮಾಧಿಗಳ ಹತ್ತಿರ ಜನ ನಿಂತಿರುವುದು ಕಂಡಿತು. ರೈಲಿನ ದಿನ ತಿಳಿಸಿದ್ದೆನಲ್ಲ, ಅವರು ಬೆಳಿಗ್ಗೆಯೇ ಗುಣಿ ತೋಡಿ ಕಾಯುತ್ತಿದ್ದರು. ಅವನ ಅಪ್ಪನ ಸಮಾಧಿಯ ಪಕ್ಕದಲ್ಲೇ ಆಳುದ್ದದ ಗುಣಿ. ಬಂಡೆಯ ನೆಲ, ಎಷ್ಟು ಹಾರೆ ಮೊಂಡಾಗಿದ್ದವೋ. ಒಳಗೆ ಹೊಸ ಕಂಬಳಿ ಹಾಸಿದ್ದರು. ಕರಿಯಕ್ಕ ನನ್ನ ಹಿಂದೆ ಗಾಡಿಯೊಳಗೆ ಇಣುಕಿ ನೋಡಿದಳು.

"ಎಲ್ಲಪ್ಪ?" ಎಂದಳು.

ನಾನು ತೊಡೆಯ ಮೇಲಿದ್ದ ಗಂಟು ಬಿಚ್ಚಿದೆ. ಬಿಳಿಯ ಪಿಂಗಾಣಿ ಭರಣಿ, ಒಂದು ಸೇರು ಹಾಲು ಹಿಡಿಯುವಷ್ಟು ದೊಡ್ಡದು. ಅವಳಿಗೆ ಅದು ಏನೆಂದು ಹೊಳೆಯಲಿಲ್ಲ. ನಾನು ಬಾಯಿಬಿಟ್ಟು ಹೇಳಬೇಕಾಯಿತು.

ಹೆಂಗಸರ ಅಳು ತಟ್ಟನೆ ನಿಂತುಹೋಯಿತು. ಚಿಕ್ಕೀರಪ್ಪನ ದೊಡ್ಡಪ್ಪ, ಹಟ್ಟಿಯ ಯಜಮಾನ ದೊಡ್ಡೀರಪ್ಪ ಮುಂದೆ ಬಂದ.

"ಸುಟ್ರಾ? ನಮ್ಮಾಗೆ ದೊಡ್ಡ ರೋಗ ಬಂದು ಕೈಕಾಲು ಕರಗಿದೋರನ್ನ ಮಾತ್ರ ಸುಡೋದು ಸ್ವಾಮಿ. ಅಂಥೋರ್‍ಗೆ ಇಲ್ಲಿ ಹಿರೇರ ಪಕ್ಕ ಜಾಗ ಇಲ್ಲ. ಸಮಾಧಿಗೆ ಹಾಲುತುಪ್ಪ ಬಿಡೋದೂ ಇಲ್ಲ."

ಕರಿಯಕ್ಕ ನನ್ನ ಕೈ ಹಿಡಿದುಕೊಂಡಳು. "ಮೈಮ್ಯಾಲೆ ಏನಾರ ಎದ್ದಿತ್ತೇನಪ್ಪ? ನಿಜ ಹೇಳು, ನಾನು ತಡ್ಕಂತೀನಿ."

"ಇಲ್ಲವ್ವ, ನಿನ್ನಾಣೆ. ಎದೆಗೆ ಕಫ ಕಟ್ತು, ಅಷ್ಟೇ. ಮೈ ಹೂವಿನಂಗಿತ್ತು."

"ಮತ್ಯಾಕೆ ಸುಟ್ರು? ಅವ್ರು ನಿನ್ನ ಒಂದು ಮಾತು ಕೇಳ್ಲಿಲ್ವಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೇಳಿದರು, ನಾನೇ ಸುಡಿ ಎಂದೆ ಅನ್ನಬೇಕಿತ್ತು. ಅದನ್ನು ಹೇಳಿದ್ದರೂ ಚಿಕ್ಕೀರಪ್ಪನಿಗೆ ಜಾಗ ಸಿಗುತ್ತಿತ್ತು, ರೋಗದ ಅನುಮಾನ ಹೋಗುತ್ತಿತ್ತು. ನನಗೊಬ್ಬನಿಗೆ ಮುಖ ಉಳಿಯುತ್ತಿರಲಿಲ್ಲ.

"ಕೇಳ್ಲಿಲ್ಲವ್ವ," ಎಂದೆ. "ಅಲ್ಲಿ ಯಾರು ಸತ್ರೂ ಸುಡ್ತಾರೆ. ಸರ್ಕಾರದ ಕಾನೂನು."

ದೊಡ್ಡೀರಪ್ಪ ಜನರ ಕಡೆ ತಿರುಗಿದ. "ಪರದೇಶದ ಕಾನೂನಿಗೆ ನಮ್ಮ ಹುಡುಗ ಏನ್ ಮಾಡ್ಯಾನು. ಒಪ್ಪಿಸ್ರಪ್ಪ ಮಣ್ಣಿಗೆ" ಎಂದ.

ಕರಿಯಕ್ಕ ತಾನೇ ಗುಣಿಗೆ ಇಳಿದಳು. ಭರಣಿಯನ್ನು ಕಂಬಳಿಯ ಮೇಲೆ ತಲೆ ಬರುವ ಕಡೆ ಇಟ್ಟಳು. ಅದು ಸರಿಯಿಲ್ಲವೆನಿಸಿ ಎದೆ ಬರುವ ಕಡೆ ಇಟ್ಟಳು. ಹಾಗೂ ಕಾಲ ಕಡೆ ಅಷ್ಟು ಜಾಗ ಬರಿದಾಗಿ ಉಳಿಯಿತು. ಅವಳು ಅಂಗೈಯಿಂದ ಆ ಜಾಗವನ್ನು ಸವರಿದಳು, ಕಂಬಳಿಯ ಅಂಚನ್ನು ಮಗುವಿಗೆ ಹೊದಿಸುವಂತೆ ಭರಣಿಗೆ ಹೊದಿಸಿದಳು. ಆಗ ನನಗೆ ತಡೆಯಲಾಗಲಿಲ್ಲ. ಗಟ್ಟಿಯಾಗಿ ಅತ್ತುಬಿಟ್ಟೆ. ಅಣ್ಣತಮ್ಮಂದಿರಿಲ್ಲ, ಮೊದಲ ಹಿಡಿ ಮಣ್ಣು ನೀನೇ ಹಾಕು ಎಂದರು. ಹಾಕಿದೆ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಮನೆಯ ಮುದ್ದಕ್ಕ ಮುದ್ದೆ, ಹುರುಳಿ ಸಾರು ತಂದಿಟ್ಟಳು. ನಾನು ಬೇಡವೆಂದೆ. ಕರಿಯಕ್ಕ ತಟ್ಟೆ ತಂದು ನನ್ನ ಮುಂದಿಟ್ಟು, ಎದುರಿಗೇ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ನನ್ನ ಮುಖ ಒರೆಸಿದಳು.

"ಉಣ್ಣಪ್ಪ. ನೀನಾದ್ರೂ ಏನ್ ಮಾಡ್ತಿದ್ದೆ? ಕೇಳಿದ್ರೆ ನೀನು ಹೇಳ್ತಿದ್ದೆ, ನಂಗೊತ್ತು. ನಮ್ಮೋನು ಒಬ್ನು ಪಕ್ಕದಾಗೆ ಇದ್ದ ಅನ್ನಾದೇ ನನ್ನ ಪುಣ್ಯ."

ಅವಳು ಎದ್ದು ಹೋಗಲಿಲ್ಲ. ನಾನು ತಲೆ ತಗ್ಗಿಸಿ, ಅವಳು ನೋಡುತ್ತಿರುವಂತೆಯೇ, ಆ ಮುದ್ದೆಯನ್ನು ಪೂರ್ತಿ ಉಂಡೆ.