ಬಾಳವ್ವ ಇರುವ ಸಾಲು

ನಾನು ಜನಗಣತಿ ಕೋಷ್ಟಕದ ಒಂದು ಸಾಲು. ಕೆಂಚನಹಾಳ ತಾಲ್ಲೂಕಿನಲ್ಲಿ ಹದಿನೆಂಟರಿಂದ ಮೂವತ್ತು ವಯಸ್ಸಿನ, ಹೆಚ್ಚು ಓದದ ಹೆಂಗಸರು ಎಷ್ಟು ಮಂದಿ ಎಂದು ಹೇಳುವುದಷ್ಟೇ ನನ್ನ ಕೆಲಸ. ನನ್ನನ್ನು ಹುಟ್ಟಿಸಿದವರು ಬಿಸಿಲಲ್ಲಿ ಮನೆಮನೆ ಅಲೆದ ಶಾಲೆಯ ಶಿಕ್ಷಕಿಯರು. ನೇಕಾರರ ಓಣಿಯಲ್ಲಿ ಕಮಲಾಕ್ಷಿ ಅಕ್ಕೋರು ಕದ ತಟ್ಟಿದಾಗ, ಹೊಸದಾಗಿ ಮದುವೆಯಾಗಿ ಬಂದಿದ್ದ ಬಾಳವ್ವ ಮಗ್ಗ ಬಿಟ್ಟು ಎದ್ದು ಬಂದಳು.

"ಸಾಲಿ ಎಷ್ಟು ಕಲತೀಯವಾ?"

"ಮೂರನೇತ್ತಕ್ಕ ಬಿಡಿಸ್ಯಾರ್ರಿ."

ಹಾಗೆ ಅವಳು ನನ್ನೊಳಗೆ ಸೇರಿದಳು.

ಕೆಲವು ವರ್ಷ ಯಾರೂ ನನ್ನನ್ನು ಮುಟ್ಟಲಿಲ್ಲ. ಆಮೇಲೆ ಒಂದು ಸಮೀಕ್ಷೆಯವರ ಕೈಗೆ ಬಂದೆ. ಊರಿನ ಹೆರಿಗೆ ಆಸ್ಪತ್ರೆ ಮುಚ್ಚಿ, ದೂರದ ಜಿಲ್ಲಾಸ್ಪತ್ರೆಗೆ ಸೇರಿಸಬಹುದೇ ಎಂದು ಜನರನ್ನು ಕೇಳುವುದಿತ್ತು. ಎಲ್ಲರನ್ನೂ ಕೇಳಲಾಗದು. ಕೆಲವೇ ಮಂದಿಯನ್ನು ಕೇಳಿ, ಅವರಂಥವರು ಒಟ್ಟು ಎಷ್ಟಿದ್ದಾರೆಂದು ನನ್ನಂಥ ಸಾಲುಗಳಲ್ಲಿ ನೋಡಿ, ಅವರ ಉತ್ತರಕ್ಕೆ ಅಷ್ಟು ತೂಕ ಹಾಕಿ, ಇಡೀ ತಾಲ್ಲೂಕಿನ ಮನಸ್ಸು ಅಂದಾಜು ಮಾಡುತ್ತಾರೆ. ನನ್ನ ಪಾಲಿಗೆ ಬೆರಳೆಣಿಕೆಯ ಹೆಂಗಸರು. ಅವರು ಹೇಳಿದ್ದೇ ನನ್ನೊಳಗಿನ ಸಾವಿರಾರು ಮಂದಿಯ ಮಾತಾಗುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಜಂಬ ಬಂದಿತ್ತು.

ಅವರಲ್ಲೊಬ್ಬಳಾದ ಬಾಳವ್ವ ಆಗ ಮೂರು ತಿಂಗಳ ಬಸುರಿ. ಕೇಳಲು ಬಂದವನು ಕಟ್ಟೆಯ ಮೇಲೆ ಅವಳ ಗಂಡ ಲಗಮಣ್ಣನ ಪಕ್ಕ ಕೂತು ಚಹಾ ಕುಡಿದ.

"ಜಿಲ್ಲಾದಾಗ ದೊಡ್ಡ ದವಾಖಾನಿ ಐತಲ್ರಿ. ಇದನ್ನ ಮುಚ್ಚಲಿ ಬಿಡ್ರಿ."

"ನಿಮ್ಮ ಮನೆಯವರು ಏನಂತಾರ್ರಿ?"

"ಆಕೀದೂ ಅದನ್ನ ಬರಕೋರಿ. ಆಕಿಗೇನ್ ತಿಳೀತೈತಿ?"

ಅವನು ಬರೆದುಕೊಂಡ. "ರಾತ್ರಿ ಬ್ಯಾನಿ ಬಂದ್ರ ಅಷ್ಟು ದೂರ ಹೆಂಗ ಹೋಗೂದು?" ಎಂದು ಬಾಳವ್ವ ಬಾಗಿಲ ಹಿಂದಿನಿಂದ ಕೇಳಿದ್ದು ಕಟ್ಟೆಯವರೆಗೆ ಬರಲಿಲ್ಲ. ಅವಳು ನನ್ನೊಳಗಿನವಳಾದ್ದರಿಂದ ನನಗೆ ಕೇಳಿಸಿತು. ಉಳಿದ ಮನೆಗಳಲ್ಲೂ ಕಟ್ಟೆಯ ಮೇಲೆ ಕೂತವರೇ ಉತ್ತರ ಕೊಟ್ಟರು. ಮನೆಯ ಮಾತು ಗಂಡಸರೇ ಆಡುವುದು ಆ ಓಣಿಯ ಮರ್ಯಾದೆ.

ನನ್ನ ತೂಕವೆಲ್ಲ ಅವರ ಮಾತಿಗೆ ಬಿತ್ತು. ಹೆಂಗಸರಿಗೂ ಒಪ್ಪಿಗೆಯಿದೆ ಎಂದು ವರದಿ ಹೊರಟಿತು. ಕೂಗಿ ಹೇಳಬೇಕೆನ್ನಿಸಿತು. ಅಂಕಿಗೆ ಬಾಯಿ ಎಲ್ಲಿಯದು?

ಬಾಳವ್ವನಿಗೆ ದಿನ ತುಂಬುವ ಹೊತ್ತಿಗೆ ಊರಿನ ಆಸ್ಪತ್ರೆಗೆ ಬೀಗ ಬಿದ್ದಿತ್ತು. ರಾತ್ರಿ ಹೆರಿಗೆ ನೋವು ಎದ್ದು, ಜಿಲ್ಲಾಸ್ಪತ್ರೆ ಮುಟ್ಟುವ ಮೊದಲೇ ಟಂಟಂ ಆಟೋದಲ್ಲೇ ಅವಳು ಪ್ರಾಣ ಬಿಟ್ಟಳು. ಮಗುವೂ ಉಳಿಯಲಿಲ್ಲ. "ಒಂದ್ ಮಾತು ಆಕೀನ್ನ ಕೇಳಬೇಕಿತ್ತು" ಎಂದು ಲಗಮಣ್ಣ ರಸ್ತೆಯಲ್ಲೇ ಕೂತು ಅತ್ತ. ನನಗೂ ಸಂಕಟವಾಯಿತು. ಆ ಸುಳ್ಳನ್ನು ಸಾವಿರಾರು ಪಟ್ಟು ಮಾಡಿದ್ದು ನನ್ನ ತೂಕವೇ ಅಲ್ಲವೇ?

ಈಗ ನನಗೆ ವಯಸ್ಸಾಗಿದೆ. ಹೊಸ ಗಣತಿ ಬರುವ ತನಕ ನನ್ನನ್ನೇ ಆಗಾಗ ಎಬ್ಬಿಸುತ್ತಾರೆ. ಸತ್ತವರನ್ನು ಲೆಕ್ಕದಿಂದ ಕಳೆಯುವುದು ನನಗೆ ಬರುವುದಿಲ್ಲ. ಮೊನ್ನೆ ಮತ್ತೊಂದು ಸಮೀಕ್ಷೆ ನಡೆಯಿತು. ಬಾಳವ್ವನನ್ನೂ ಸೇರಿಸಿಯೇ ನನ್ನನ್ನು ತೂಗಿದರು. ಅವಳ ಪರವಾಗಿ ಈ ಸಲವೂ ಯಾರೋ ಉತ್ತರ ಕೊಟ್ಟಿದ್ದಾರೆ.