ಪ್ರಸಾದ ಹಿಡಿಯಲಾರದ ಕೈ

ಕೊಟ್ಟೂರಿನ ವೀರಭದ್ರಯ್ಯನವರ ಪ್ರೆಸ್ಸಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದರ ಮುಂದೆ ಕೂರುವವಳು ಸೊಸೆ ಸುಮಲತಾ. ಲಗ್ನಪತ್ರಿಕೆಗಳ ಕೆಲಸ ತುಂಬಿ ಬರುವ ಲಗ್ನದ ದಿನಗಳಲ್ಲಿ ಬೆಳಗ್ಗೆ ಮೌಸ್ ಹಿಡಿದರೆ ಸಂಜೆಯವರೆಗೆ ಬಿಡುವಂತಿರಲಿಲ್ಲ. ಮೊದಲು ಬೆರಳುಗಳು ಜೋಮು ಹಿಡಿದವು. ಆಮೇಲೆ ರೊಟ್ಟಿ ಬಡಿಯುವಾಗ ಹೆಬ್ಬೆರಳು ಮಾತು ಕೇಳದಾಯಿತು. ಎಣ್ಣೆ ತಿಕ್ಕಿದಳು, ಬಟ್ಟೆ ಬಿಗಿದಳು, ಮತ್ತೆ ಕೂತಳು.

ಒಂದು ದಿನ ಹಗರಿಬೊಮ್ಮನಹಳ್ಳಿಯಿಂದ ಗೆಳತಿ ಸುಕನ್ಯಾ ಬಂದಳು. ಅವಳದೂ ಅದೇ ಕೆಲಸ. ಚೀಲದಿಂದ ಏನೋ ತೆಗೆದು ಮೇಜಿನ ಮೇಲಿಟ್ಟಳು.

“ಏನವಾ ಅದು, ನಿಂಬಿಹಣ್ಣು ಕುಂದ್ರಿಸ್ಕೊಂಡು ಬಂದೀಯಲ್ಲ?” ಎಂದು ವೀರಭದ್ರಯ್ಯ ನಕ್ಕರು.

“ಇದೂ ಮೌಸ ಐತ್ರಿ ಅಯ್ನೋರ. ಗುಂಡಿನ ಮೌಸು, ಟ್ರ್ಯಾಕ್‌ಬಾಲ್ ಅಂತಾರ. ಇದು ಇಟ್ಟಲ್ಲೇ ಇರತೈತಿ, ಬೆರಳಿಲೆ ಗುಂಡು ಉಳ್ಳಿಸಿದ್ರ ಆತು. ನನಗೂ ಹಿಂಗ ಜೋಮು ಹಿಡಿದಿತ್ತು. ಈಗ ಎಡಗೈಲೆ ಮಾಡ್ತೀನಿ, ಬಲಗೈ ಸುಧಾರಿಸೈತಿ. ಇದನ್ನ ಸುಮಾಗ ಬಿಟ್ಟು ಹೋಗ್ತೀನಿ. ಆದ್ರ ಮೊದ್ಲು ಡಾಕ್ಟರಿಗೆ ತೋರಸ್ರಿ.”

ವೀರಭದ್ರಯ್ಯನವರ ನಗು ಹೋಯಿತು. “ಎಡಗೈಲೆ? ಲಗ್ನಪತ್ರಿಕಿ ಮ್ಯಾಲೆ ಮೊದ್ಲು ಬರೋದು ದೇವರ ಹೆಸರು. ಅದನ್ನ ಎಡಗೈಲೆ ಇಡಸ್ತೀಯೇನು? ನಮ್ಮ ಪ್ರೆಸ್ಸಿನಾಗ ನಡಿಯಂಗಿಲ್ಲ.”

“ಕೀಬೋರ್ಡಿನಾಗ ಹೊಡಿವಾಗ ಎರಡೂ ಕೈ ಆಡ್ತಾವಲ್ರಿ? ಅವಾಗ ಎಡಗೈ ಕಟ್ಟಿಹಾಕ್ತೀರೇನು?”

“ಬಾಯಿ ಜೋರೈತಿ ನಿಂದು! ನಾ ಸೀಸದ ಅಚ್ಚಿನ ಮೊಳಿ ಒಂದೊಂದ ಅಕ್ಷರ ಜೋಡಿಸ್ಕೋತ ಮುದುಕ ಆಗೀನಿ. ನನ್ನ ಕೈಗೇನಾಗೇತಿ?”

ಸುಮಲತಾ ಮತ್ತೆ ಹಳೆಯ ಮೌಸನ್ನೇ ಬಲಗೈಯಲ್ಲಿ ಹಿಡಿದಳು. ಗುಂಡಿನ ಮೌಸ್ ಕಪಾಟು ಸೇರಿತು, ಡಾಕ್ಟರ ಮಾತು ಅಲ್ಲಿಗೇ ನಿಂತಿತು.

ಲಗ್ನದ ದಿನಗಳು ಕಳೆದು ಅಮಾವಾಸ್ಯೆ ಬಂತು. ಪ್ರೆಸ್ಸಿನ ಪೂಜೆ ಮುಗಿಸಿ ವೀರಭದ್ರಯ್ಯ ಸೊಸೆಗೆ ತೆಂಗಿನಕಾಯಿ ಹೋಳು ಕೊಟ್ಟರು. ಅವಳು ಬಲಗೈ ಚಾಚಿದಳು. ಹೋಳು ಜಾರಿ ನೆಲಕ್ಕೆ ಬಿತ್ತು.

“ಪ್ರಸಾದನವಾ! ಗಟ್ಟಿ ಹಿಡಿಬಾರದ?”

ಸುಮಲತಾ ಬಗ್ಗಿ ಎತ್ತಲು ಹೋದಳು. ಹಿಡಿದಂತೆಲ್ಲ ಜಾರಿತು.

“ಹಿಡದೀನೋ ಬಿಟ್ಟೀನೋ ಗೊತ್ತಾಗವಲ್ದರಿ ಮಾವಾರ...”

ಕೊನೆಗೆ ಎಡಗೈಯಿಂದ ಎತ್ತಿಕೊಂಡು ಅಳುತ್ತ ನಿಂತಳು. ವೀರಭದ್ರಯ್ಯ ಅವಳ ಬಲ ಅಂಗೈಯನ್ನು ಅಂದೇ ಮೊದಲು ನೋಡಿದ್ದು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು.

“ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದೆ,” ಎಂದರು ಬಳ್ಳಾರಿಯ ಡಾಕ್ಟರು. “ಆಪರೇಷನ್ ಮಾಡಿದರೆ ಜೋಮು ಹೋದೀತು. ಶಕ್ತಿ ಪೂರ್ತಿ ಬರುತ್ತದೆ ಎನ್ನಲಾರೆ. ಮೊದಲೇ ಕರೆತರಬೇಕಿತ್ತು.”

ಆಪರೇಷನ್ ಆಗಿ ಜೋಮು ಹೋಯಿತು. ಶಕ್ತಿ ಬರಲಿಲ್ಲ. ಈಗ ರೊಟ್ಟಿ ಬಡಿಯುವವರು ಅತ್ತೆ ನಾಗಲಿಂಗಮ್ಮ. ಗುಂಡಿನ ಮೌಸನ್ನು ಕಪಾಟಿನಿಂದ ತೆಗೆದು, ಧೂಳು ಒರೆಸಿ, ಮೇಜಿನ ಎಡಕ್ಕೆ ಇಟ್ಟವರು ವೀರಭದ್ರಯ್ಯನವರೇ. “ದೇವರ ಹೆಸರು ಇಡವಾ, ಯಾವ ಕೈಲಾದ್ರೂ ಆಗಲಿ” ಎಂದರು. ಆ ಮಾತು ಬರುವುದು ತಡವಾಗಿತ್ತು.

ಕಂಪ್ಯೂಟರ್ ಮುಂದೆ ಕೂರುವ ಅಕ್ಕತಂಗಿಯರೇ, ಅವರನ್ನು ಕೂರಿಸುವ ಹಿರಿಯರೇ, ಬೆರಳು ಪದೇ ಪದೇ ಜೋಮು ಹಿಡಿದರೆ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ಡಾಕ್ಟರಿಗೆ ತೋರಿಸಿ. ಮೌಸ್ ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಿ. ಒಬ್ಬರಿಗೆ ಗುಂಡಿನದು ಒಗ್ಗೀತು, ಇನ್ನೊಬ್ಬರಿಗೆ ಪೆನ್ನಿನಂತೆ ಹಿಡಿದು ಬರೆಯುವಂಥದ್ದು. ಯಾವುದಾದರೂ ಸರಿ, ಮಣಿಕಟ್ಟು ಬಾಗದೆ, ತೋಳು ದೂರ ಚಾಚದೆ ಕೆಲಸ ಸಾಗಬೇಕು. ನಡುನಡುವೆ ಕೈಗೆ ಬಿಡುವು ಕೊಡಿ, ಕೈ ಬದಲಿಸಿ.

ಮತ್ತೆ, ಹಿರಿಯರೇ, ನಿಮ್ಮ ಮನೆಯ ಹೆಣ್ಣುಮಗಳ ಅಂಗೈಯನ್ನು ಇವತ್ತೇ ಒಮ್ಮೆ ಬಿಡಿಸಿ ನೋಡಿ.